ಹಾಡ್ಕೊಂಡು ಅಳೋದು

"ಸೊಸೆ ಬಂದ್ಲು, ಆದ್ರೆ ಹಾಡ್ಕೊಂಡು ಅಳ್ಲಿಲ್ಲ ಕಣಮ್ಮ." ಶಿಡ್ಲಘಟ್ಟದ ಕಡೆ ಮಣ್ಣಿಗೆ ಹೋಗಿ ಬರುವ ಹೆಂಗಸರು ಹೀಗಂದರೆ ಅದು ದೂರು. ಸೊಸೆ ಅತ್ತಿದ್ದಾಳೆ, ಕಣ್ಣು ಕೆಂಪಾಗಿದೆ. ಅಷ್ಟು ಸಾಲದು.

ಹಾಡ್ಕೊಂಡು ಅಳೋದು ಅಂದ್ರೆ ಸತ್ತವರನ್ನು ಸಂಬಂಧ ಹಿಡಿದು ಕೂಗಿ, ಅವರ ಬದುಕನ್ನು ರಾಗದಲ್ಲಿ ಎಳೆದು ಹೇಳುತ್ತಾ ಅಳುವುದು. ಗಡಿಯಾಚೆ ತಮಿಳರಲ್ಲಿ ಇದಕ್ಕೆ ಒಪ್ಪಾರಿ ಎನ್ನುತ್ತಾರೆ. ನಮ್ಮ ಮಾತಿನಲ್ಲಿರುವ 'ಕೊಂಡು' ನನಗೆ ಬಹಳ ಇಷ್ಟ: ಉಟ್ಟುಕೊಂಡು, ಹೊದ್ದುಕೊಂಡು ಅನ್ನುವ ಹಾಗೆ, ಹಾಡು ತನಗಾಗಿಯೇ. ಹಳ್ಳಿಬಾಯಲ್ಲಿ 'ಹ' ಉದುರಿ 'ಆಡ್ಕೊಂಡು' ಆದರೆ ಗೇಲಿ ಮಾಡಿದಂತೆ ಕೇಳುತ್ತದೆ, ಅದು ಬೇರೆ ಮಾತು.

ತಾತ ತೀರಿಕೊಂಡ ದಿನ ನಮ್ಮಜ್ಜಿ ಎತ್ತಿದ ಸಾಲು ಹೀಗಿತ್ತು: "ಹುಳ ನಾಲ್ಕನೇ ಜ್ವರ ಎದ್ದವಲ್ಲೋ ನನ್ ದೊರೇ... ಸೊಪ್ಪು ಯಾರು ತರ್ತಾರಲ್ಲೋ..." ಜ್ವರ ಅಂದ್ರೆ ಹುಳ ಪೊರೆ ಬಿಡುವ ಹೊತ್ತು. ರೇಷ್ಮೆ ಹುಳ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ ಹಗಲೂ ರಾತ್ರಿ ಮೇಯುತ್ತದೆ, ಮನೆಯವರಿಗೆ ನಿದ್ದೆಯಿಲ್ಲ. ಅಂಥ ಹೊತ್ತಲ್ಲಿ ಎದ್ದು ಹೋದೆಯಲ್ಲ ಅನ್ನುವ ಸಿಟ್ಟೂ ಆ ಸಾಲಿನಲ್ಲಿತ್ತು. ಜೀವಮಾನವಿಡೀ ಗಂಡನ ಹೆಸರು ಹೇಳದವಳು ಅಳುವಾಗಲೂ ಹೇಳಲಿಲ್ಲ. ಸಾಲಿನ ಕೊನೆಯ 'ಅಲ್ಲೋ' ಮೇಲಿನಿಂದ ಇಳಿಯುತ್ತಾ ಉಸಿರು ಮುಗಿಯುವವರೆಗೂ ಎಳೆಯುತ್ತದೆ. ಸೆರಗಿನಲ್ಲಿ ಮೂಗೊರೆಸಿಕೊಂಡು ಮುಂದಿನ ಸಾಲು. ಅಷ್ಟರಲ್ಲಿ ಭುಜ ಹಿಡಿದು ಕೂತ ಪಕ್ಕದವಳು ಎತ್ತಿಕೊಳ್ಳುತ್ತಾಳೆ. ಅವಳು ಅಳುವುದು ತಾತನಿಗೋ, ಹೋದ ವರ್ಷ ಸತ್ತ ತನ್ನ ತಮ್ಮನಿಗೋ, ಯಾರೂ ಕೇಳುವುದಿಲ್ಲ.

ನಡುವೆ ಅಜ್ಜಿ ಗಕ್ಕನೆ ನಿಲ್ಲಿಸಿ, "ಚಿಂತಾಮಣಿಯೋರಿಗೆ ಕಾಫಿ ಕೊಟ್ರಾ?" ಅಂತ ಕೇಳಿ, ಮತ್ತೆ ಅದೇ ಶ್ರುತಿಗೆ ಹೋದಳು. ಪೇಟೆಯಿಂದ ಬಂದವರಿಗೆ ಇದು ನಾಟಕವೆನಿಸುತ್ತದೆ. ನನಗೆ ಹಾಗನ್ನಿಸಿಲ್ಲ. ಬಿಕ್ಕಿ ಬಿಕ್ಕಿ ಅಳುವವರಿಗೆ ಉಸಿರು ಕಟ್ಟುತ್ತದೆ. ಸಾಲು ಎಳೆದಾಗ ಉಸಿರು ನಿಧಾನವಾಗಿ ಹೊರಬೀಳುತ್ತದೆ, ಎದೆಬಡಿತವೂ ತಗ್ಗುತ್ತದೆ. ಸಂಗೀತ ಚಿಕಿತ್ಸೆ ಎಂಬ ಹೆಸರು ಕೇಳದ ಅಜ್ಜಿಗೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ಹಿಡಿಯಬೇಕು ಎಂಬುದು ಕೈಯಲ್ಲಿತ್ತು.

ರಾತ್ರಿಯಾದರೆ ಸರದಿ ಗಂಡಸರದು. ಅವರು ಹಾಡ್ಕೊಂಡು ಅಳುವುದಿಲ್ಲ, ಭಜನೆಗೆ ಕೂರುತ್ತಾರೆ. ಹಾರ್ಮೋನಿಯಂ, ತಾಳ, ದಮ್ಮಡಿ. ಕೈವಾರ ತಾತಯ್ಯನವರ ತತ್ವಪದಗಳು ಬೆಳಗಿನ ತನಕ. ಬಳೆ ಮಾರುತ್ತಿದ್ದ ಆ ಯೋಗಿ ಹಾಡಿದ್ದು ತೆಲುಗಿನಲ್ಲೂ ಕನ್ನಡದಲ್ಲೂ, ನಮ್ಮೂರವರು ಜಗಳವಾಡುವ ಹಾಗೆಯೇ ಎರಡೂ ಬೆರೆಸಿ.

ಮಾರನೆಯ ದಿನ ಹೆಣ ಎತ್ತುವಾಗ ತಮಟೆ. ಹುಲ್ಲಿಗೆ ಬೆಂಕಿ ಹಾಕಿ ಚರ್ಮ ಕಾಯಿಸಿ, ಒಂದು ಕೈಯಲ್ಲಿ ಗಿಡ್ಡ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದ ತೆಳ್ಳನೆಯದು. ವಯಸ್ಸಾಗಿ ಸತ್ತವರಾದರೆ ಮೊಮ್ಮಕ್ಕಳೂ ದಾರಿಯುದ್ದಕ್ಕೂ ಕುಣಿಯುತ್ತಾರೆ. ಆದರೆ ಒಂದನ್ನು ಮುಚ್ಚಿಡಲಾರೆ: ನಮ್ಮ ದುಃಖ ಹಗುರಾಗಲು ಬಡಿದ ಆ ಕೈಗಳಿಗೆ ಅದು ಜಾತಿಯ ಹೆಸರಲ್ಲಿ ಹೇರಿದ ಬಿಟ್ಟಿ ಚಾಕರಿಯಾಗಿತ್ತು. ಸಾವಿಗೆ ತಮಟೆ ಬಡಿಯುವುದಿಲ್ಲ ಎಂದು ದಲಿತ ಚಳವಳಿಯವರು ನಿಂತದ್ದು ಸುಮ್ಮನಲ್ಲ. ಇದೇ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿಯೇ ಪದ್ಮಶ್ರೀ ಬಂತು.

ಈಗ ಹಾಡ್ಕೊಂಡು ಅಳುವವರು ಕಡಿಮೆ. ಈಚೆಗೆ ಹೋಗಿದ್ದ ಒಂದು ಮನೆಯಲ್ಲಿ ಫ್ರೀಜರ್ ಪೆಟ್ಟಿಗೆ ಗುಂಯ್‌ಗುಡುತ್ತಿತ್ತು, ಮೊಬೈಲಿಗೆ ಸ್ಪೀಕರ್ ಸಿಕ್ಕಿಸಿ ಭಜನೆ ಹಾಕಿದ್ದರು. ಸುತ್ತ ಎಲ್ಲರೂ ಕೈಕಟ್ಟಿ ಕೂತಿದ್ದರು. ಹೊರಗಿಂದ ಬಂದ ಮುದುಕಿಯೊಬ್ಬಳು ಚಪ್ಪಲಿ ಬಿಟ್ಟು, ಗಾಜಿನ ಮೇಲೆ ಕೈಯಿಟ್ಟು, "ಮೊದ್ಲು ಆ ಭಜನೆ ಆರ್ಸಪ್ಪ" ಅಂದಳು. ಆಮೇಲೆ ಕೂತಳು.