ವಾರಾನ್ನದಿಂದ ಆರ್‌ಡಿ ನಂಬರ್‌ವರೆಗೆ: ಓದೋ ಮಕ್ಕಳ ದುಡ್ಡಿನ ಕಥೆ

ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸೈಬರ್ ಸೆಂಟರ್. ಆಲೂರು ಕಡೆಯ ಹುಡುಗಿಯೊಬ್ಬಳು ನನ್ನ ಪಕ್ಕದಲ್ಲೇ ಕೂತಿದ್ದಳು. ಬಿಎಸ್ಸಿ ಎರಡನೇ ವರ್ಷ. ಆಧಾರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಜಾತಿ-ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ನೀಟಾಗಿ ಜೋಡಿಸಿ ತಂದಿದ್ದಳು. ಮಾರ್ಕ್ಸ್ ಕಾರ್ಡಿನಲ್ಲಿ ಅವಳ ಹೆಸರಿಗೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಒಂದೇ. ಅಷ್ಟಕ್ಕೇ ಸ್ಕಾಲರ್‌ಶಿಪ್ ಅರ್ಜಿ ಮುಂದೆ ಹೋಗಲಿಲ್ಲ. "ಆಧಾರ್ ಸರಿ ಮಾಡಿಸ್ಕೊಂಡು ಬಾರಮ್ಮ" ಅಂದರು ಸೆಂಟರ್‌ನವರು. "ಲಾಸ್ಟ್ ಡೇಟ್ ಯಾವಾಗ ಅಣ್ಣ?" ಅಂತ ಕೇಳಿ ಅವಳು ಮತ್ತೆ ಒಂದೊಂದೇ ಪೇಪರ್ ಕವರ್‌ಗೆ ಹಾಕಿಕೊಂಡಳು.

ಅವಳು ಕೇಳಿದ್ದು ದಾನ ಅಲ್ಲ, ಅವಳಿಗೆ ಬರಬೇಕಾದ ದುಡ್ಡು. ಕಾಲೇಜು ಓದುವವರಿಗೆ ಸಹಾಯ ಮಾಡಬೇಕು ಅನ್ನೋ ಮಾತು ನಮ್ಮಲ್ಲಿ ನೂರು ವರ್ಷದಿಂದ ಇದೆ. ಆದರೆ ಸಹಾಯದ ರೂಪ ಒಂದೊಂದು ಕಾಲಕ್ಕೆ ಒಂದೊಂದು ಥರ ಇತ್ತು. ಅದು ಹೇಗೆ ಬದಲಾಯಿತು ಅಂತ ನೋಡಿದರೆ ಇವತ್ತಿನ ತೊಡಕು ಎಲ್ಲಿದೆ ಅಂತಲೂ ಗೊತ್ತಾಗುತ್ತದೆ.

ನಮ್ಮ ತಾತಂದಿರ ಕಾಲದಲ್ಲಿ ಹಳ್ಳಿಯಿಂದ ಪೇಟೆಗೆ ಓದೋಕೆ ಬಂದ ಹುಡುಗನಿಗೆ ಮೊದಲ ಚಿಂತೆ ಫೀಸಲ್ಲ, ಊಟ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಳ್ಳಬೇಕಿತ್ತು. ಅದೇ ವಾರಾನ್ನ. ಐದೇ ಮನೆ ಸಿಕ್ಕಿದರೆ ಉಳಿದೆರಡು ದಿನ ನೀರು ಕುಡಿದು ಮಲಗಬೇಕು. ವಾರಾನ್ನ ಎಷ್ಟೋ ಜನರನ್ನು ಓದಿಸಿತು, ಅದು ನಿಜ. ಆದರೆ ಅದಕ್ಕೂ ಜಾತಿ ಇತ್ತು. ಊಟ ಹಾಕುವ ಮನೆ ಬಾಗಿಲು ಎಲ್ಲ ಹುಡುಗರಿಗೂ ತೆರೆಯುತ್ತಿರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ದೂರವೇ ಉಳಿಯಿತು.

ಅದಕ್ಕೇ ಕಳೆದ ಶತಮಾನದ ಆರಂಭದಲ್ಲಿ ಹಳೇ ಮೈಸೂರು ಸೀಮೆಯಲ್ಲಿ ಒಂದೊಂದು ಸಮುದಾಯವೂ ತನ್ನ ಮಕ್ಕಳಿಗೆ ಹಾಸ್ಟೆಲ್ ಕಟ್ಟುವುದಕ್ಕೆ ಹೊರಟಿತು. ಒಕ್ಕಲಿಗರ ಸಂಘ ಶುರುವಾಗಿದ್ದು 1906ರಲ್ಲಿ. ಮಠಗಳು ಅನ್ನ ದಾಸೋಹ ನಡೆಸಿದವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂತು. ಆದರೆ ಅಲ್ಲಿಗೆ ಹೋಗಿ ಓದುವಷ್ಟು ಅನುಕೂಲ ಯಾರಿಗಿತ್ತು? ನಾಲ್ವಡಿಯವರ ಸರ್ಕಾರ 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದ್ದು ಇದೇ ಸಮಯದಲ್ಲಿ. ಆ ಸಮಿತಿ ಅಂದರೆ ಎಲ್ಲರಿಗೂ ನೆನಪಾಗೋದು ನೌಕರಿಯ ಮೀಸಲಾತಿ. ಆದರೆ ಹಿಂದುಳಿದ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಬೇಕು ಅಂತಲೂ ಅದು ಹೇಳಿತ್ತು. ಓದಿಸದೆ ಸುಮ್ನೆ ನೌಕರಿ ಮೀಸಲಿಟ್ಟರೆ ಆ ಜಾಗಕ್ಕೆ ಬರುವವರು ಯಾರು, ಅಲ್ವಾ?

ಇಡೀ ದೇಶದ ಮಟ್ಟದಲ್ಲಿ ದೊಡ್ಡ ಹೆಜ್ಜೆ 1944ರದು. ಅಂಬೇಡ್ಕರ್ ಆಗ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿದ್ದರು. ಪರಿಶಿಷ್ಟ ಜಾತಿ ಮಕ್ಕಳ ಮೆಟ್ರಿಕ್ ನಂತರದ ಓದಿಗೆ ಸರ್ಕಾರದ ಬೊಕ್ಕಸದಿಂದ ದುಡ್ಡು ಕೊಡುವ ಯೋಜನೆ ಆ ವರ್ಷ ಶುರುವಾಯಿತು. 1948ರಲ್ಲಿ ಪರಿಶಿಷ್ಟ ಪಂಗಡಕ್ಕೂ ವಿಸ್ತರಣೆಯಾಯಿತು. ಇವತ್ತು ನಾವು ಪೋಸ್ಟ್ ಮೆಟ್ರಿಕ್ ಅಂತ ಕರೆಯುವ ಸ್ಕಾಲರ್‌ಶಿಪ್ ಅದೇ. ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ಅದಕ್ಕಿಂತ ದೊಡ್ಡ ಯೋಜನೆ ಇನ್ನೊಂದಿಲ್ಲ. ಯಾಕೆಂದರೆ ಓದಿನ ಖರ್ಚು ಅನ್ನೋದು ಯಾರದೋ ಮನೆಯ ದಯೆ ಆಗಿದ್ದದ್ದು ಅಲ್ಲಿಂದ ಸರ್ಕಾರದ ಜವಾಬ್ದಾರಿ ಆಯಿತು.

ನಮ್ಮ ರಾಜ್ಯದಲ್ಲಿ ಮುಂದಿನ ತಿರುವು ದೇವರಾಜ ಅರಸು ಅವರ ಕಾಲದ್ದು. 1972ರಲ್ಲಿ ಹಾವನೂರು ಆಯೋಗ ನೇಮಕವಾಯಿತು, 1975ರಲ್ಲಿ ವರದಿ ಕೊಟ್ಟಿತು. ಹಿಂದುಳಿದ ವರ್ಗದ ಹಾಸ್ಟೆಲ್‌ಗಳು ಬೆಳೆದದ್ದೇ ಆ ನಂತರ. ಬಿಸಿಎಂ ಹಾಸ್ಟೆಲ್ ಅಂದರೆ ಹಾಸನ, ಚಿಕ್ಕಮಗಳೂರು ಕಡೆ ಯಾರಿಗೆ ಗೊತ್ತಿಲ್ಲ ಹೇಳಿ? ನಾನೂ ಅಲ್ಲೇ ಇದ್ದು ಓದಿದವನು. ಒಂದು ಟ್ರಂಕು, ಹೆಸರು ಕೊರೆಸಿದ ಸ್ಟೀಲ್ ತಟ್ಟೆ, ಒಂದು ಲೋಟ. ರಾತ್ರಿ ಮುದ್ದೆ, ಸೊಪ್ಪಿನ ಸಾರು. ಸಾರು ಒಂದೊಂದು ದಿನ ತೆಳ್ಳಗಿರುತ್ತಿತ್ತು. ಆದರೆ ಇವತ್ತು ಊಟ ಇದೆಯೋ ಇಲ್ಲವೋ ಅನ್ನೋ ಯೋಚನೆ ಮೂರು ವರ್ಷದಲ್ಲಿ ಒಂದು ದಿನವೂ ಬರಲಿಲ್ಲ. ಮೂಡಿಗೆರೆ ಕಡೆ ಕಾಫಿ ತೋಟದ ಲೈನ್ ಮನೆಯಿಂದ ಬಂದಿದ್ದ ನನ್ನ ರೂಮ್‌ಮೇಟ್, "ಹಾಸ್ಟೆಲ್ ಸಿಗದೇ ಇದ್ದಿದ್ರೆ ನಾನು ಈಗ ತೋಟದಲ್ಲಿ ಹಣ್ಣು ಕೀಳ್ತಾ ಇರ್ತಿದ್ದೆ ಕಣೋ" ಅಂತ ಎಷ್ಟೋ ಸಲ ಹೇಳಿದ್ದಾನೆ. ಇವತ್ತಿಗೂ ಯಾರಾದರೂ ಯಾವ ಸಹಾಯ ಒಳ್ಳೇದು ಅಂತ ಕೇಳಿದರೆ ನಾನು ಮೊದಲು ಹೇಳೋದು ಹಾಸ್ಟೆಲ್ ಸೀಟಿಗೆ ಅರ್ಜಿ ಹಾಕಿ ಅಂತಲೇ. ಸ್ಕಾಲರ್‌ಶಿಪ್ ಲೇಟಾಗಬಹುದು, ಊಟ ಲೇಟಾಗಲ್ಲ.

ಊಟದ ಚಿಂತೆ ಕಡಿಮೆಯಾಗುವ ಹೊತ್ತಿಗೆ ಫೀಸಿನ ಚಿಂತೆ ಬಂತು. ಖಾಸಗಿ ಇಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳು ರಾಜ್ಯದ ತುಂಬ ತಲೆಯೆತ್ತಿದವು. ಡೊನೇಷನ್ ಎಷ್ಟರ ಮಟ್ಟಿಗೆ ಹೋಯಿತು ಅಂದರೆ 1984ರಲ್ಲಿ ಅದನ್ನು ನಿಷೇಧಿಸಿ ಕಾನೂನೇ ಮಾಡಬೇಕಾಯಿತು. ಆದರೂ ತುಮಕೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇದ್ದರೆ ಹೊರ ರಾಜ್ಯದವರಿಗೆ 60,000 ಇತ್ತು. ಇದು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1992ರಲ್ಲಿ ಡೊನೇಷನ್ ತಪ್ಪು ಅಂದ ಮೋಹಿನಿ ಜೈನ್ ತೀರ್ಪು ಬಂತು, ಮರುವರ್ಷ ಮೆರಿಟ್ ಮೇಲೆ ಸೀಟು ಹಂಚಬೇಕು ಅಂದ ಉನ್ನಿಕೃಷ್ಣನ್ ತೀರ್ಪು. 1994ರಿಂದ ಸಿಇಟಿ. ರ‍್ಯಾಂಕ್ ಬಂದವರಿಗೆ ಕಡಿಮೆ ಫೀಸಿನ ಸೀಟು ಸಿಗುವ ದಾರಿ ಆಯಿತು. ಇದನ್ನು ಯಾರೂ ಸ್ಕಾಲರ್‌ಶಿಪ್ ಅನ್ನಲ್ಲ. ಆದರೆ ಎಷ್ಟೋ ಮನೆಗೆ ಇದರಿಂದ ಉಳಿದ ದುಡ್ಡು ಯಾವ ಸ್ಕಾಲರ್‌ಶಿಪ್‌ಗಿಂತಲೂ ಜಾಸ್ತಿ. ಈಗಲೂ ಸಿಇಟಿಯಲ್ಲಿ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಅಂತ ಹೆಚ್ಚುವರಿ ಸೀಟುಗಳಿವೆ. ಮನೆಯ ಆದಾಯ 8 ಲಕ್ಷದೊಳಗಿದ್ದರೆ ಇಂಜಿನಿಯರಿಂಗ್ ಬೋಧನಾ ಶುಲ್ಕವೇ ಮಾಫಿ. ಆಪ್ಷನ್ ಎಂಟ್ರಿ ಮಾಡುವಾಗ ಎಷ್ಟೋ ಮಕ್ಕಳು ಅದರ ಕಡೆ ಗಮನವೇ ಕೊಡುವುದಿಲ್ಲ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಸಾಲದ ದಾರಿ ಕೂಡ ಹಳೆಯದೇ. 1963ರಲ್ಲೇ ಕೇಂದ್ರ ಸರ್ಕಾರ ಬಡ್ಡಿ ಇಲ್ಲದ ಸಾಲ-ವಿದ್ಯಾರ್ಥಿವೇತನ ಶುರು ಮಾಡಿತ್ತು. ಬ್ಯಾಂಕುಗಳು ಈಗ ಕೊಡುವ ಎಜುಕೇಷನ್ ಲೋನ್ ರೂಪುಗೊಂಡದ್ದು 2001ರಲ್ಲಿ. 4 ಲಕ್ಷದವರೆಗೆ ಆಸ್ತಿ ಅಡ ಇಡಬೇಕಾಗಿಲ್ಲ ಅಂತ ಅದರಲ್ಲೇ ಇದೆ. ಆದರೂ ನಮ್ಮ ಕಡೆಯ ಒಂದು ಬ್ಯಾಂಕಿನಲ್ಲಿ ಪರಿಚಯದವರ ಮಗನಿಗೆ ಎರಡೂವರೆ ಲಕ್ಷಕ್ಕೆ ಜಮೀನಿನ ಪಹಣಿ ತಾ ಅಂದರು. ಅಪ್ಪ ಹೆದರಿ ಅರ್ಜಿ ವಾಪಸ್ ತಗೊಂಡರು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನವೂ ಬೇಡ, ಜಾಮೀನೂ ಬೇಡ. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3ರಷ್ಟು ಬಡ್ಡಿ ಸಹಾಯವೂ ಇದೆ. ಆದರೆ ಅದು ಎಲ್ಲ ಕಾಲೇಜಿಗೂ ಅಲ್ಲ, ಮೊದಲ ಪಟ್ಟಿಯಲ್ಲಿ ಇದ್ದದ್ದು ದೇಶದ 860 ಸಂಸ್ಥೆ. ಸೀಟು ತಗೊಳ್ಳೋ ಮೊದಲೇ ಪಟ್ಟಿ ನೋಡಿಕೊಳ್ಳಬೇಕು.

ಕೊನೇ ತಿರುವು, ದುಡ್ಡು ನೇರವಾಗಿ ವಿದ್ಯಾರ್ಥಿಯ ಅಕೌಂಟಿಗೆ ಬರುವ ಕಾಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗಾಗಿ 2013ರಲ್ಲಿ ಬಂದ ವಿದ್ಯಾಸಿರಿಯಲ್ಲಿ ಶುರುವಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳು. ಮೊದಲ ಸಲಕ್ಕೇ ಫಸ್ಟ್ ಕ್ಲಾಸ್ ಬಂದ ಪರಿಶಿಷ್ಟ ಮಕ್ಕಳಿಗೆ ಪ್ರೈಜ್ ಮನಿ. ಇಂಜಿನಿಯರಿಂಗ್, ಡಿಪ್ಲೊಮಾ ಓದುವ ಹೆಣ್ಣುಮಕ್ಕಳಿಗೆ ಪ್ರಗತಿ ಸ್ಕಾಲರ್‌ಶಿಪ್, ವರ್ಷಕ್ಕೆ 50,000. ತೋಟದ ಕೆಲಸದವರ ಮಕ್ಕಳಿಗೆ ಕಾಫಿ ಬೋರ್ಡಿನ ನೆರವು, ಗಾರೆ ಕೆಲಸದವರ ಮಕ್ಕಳಿಗೆ ಲೇಬರ್ ಕಾರ್ಡಿನ ಮೇಲೆ ನೆರವು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸೇ ಉಚಿತ. ಅರಕಲಗೂಡಿನಿಂದ ದಿನಾ ಹಾಸನಕ್ಕೆ ಓಡಾಡುವ ಹುಡುಗಿಗೆ ಅದೇ ಒಂದು ಸ್ಕಾಲರ್‌ಶಿಪ್ ಇದ್ದ ಹಾಗೆ.

ಯೋಜನೆಗಳಿಗೆ ಕೊರತೆಯಿಲ್ಲ. ತೊಡಕಿರೋದು ದಾಖಲೆಯಲ್ಲಿ. ರೈತ ವಿದ್ಯಾನಿಧಿಯನ್ನೇ ನೋಡಿ. 2021ರಲ್ಲಿ ಘೋಷಣೆಯಾಯಿತು. ಆಗಿನ ಲೆಕ್ಕ ಹೀಗಿತ್ತು: ಡಿಗ್ರಿ ಓದುವ ರೈತರ ಮಗನಿಗೆ 5,000, ಮಗಳಿಗೆ 5,500. ಇಂಜಿನಿಯರಿಂಗ್, ಮೆಡಿಕಲ್, ಪಿಜಿಗೆ 10,000 ಮತ್ತು 11,000. ಇದಕ್ಕೆ ಅಪ್ಪನದೋ ಅಮ್ಮನದೋ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತರ ನೋಂದಣಿ ನಂಬರ್ ಬೇಕು, ಆ ಐಡಿ ಆಗೋದು ಪಹಣಿ ಮೇಲೆ. ಈಗ ಸಕಲೇಶಪುರ, ಬೇಲೂರು, ಕೊಪ್ಪ ಕಡೆ ಹಳ್ಳಿಗೆ ಹೋಗಿ ಪಹಣಿ ಯಾರ ಹೆಸರಲ್ಲಿದೆ ಅಂತ ಕೇಳಿ. ಎಷ್ಟೋ ಮನೆಯಲ್ಲಿ ತಾತನ ಹೆಸರು. ತಾತ ತೀರಿಹೋಗಿ ಇಪ್ಪತ್ತು ವರ್ಷ. ಅಣ್ಣತಮ್ಮಂದಿರು ಕೂತು ಮಾತಾಡಿ ಪೌತಿ ಖಾತೆ ಮಾಡಿಸಿಕೊಂಡಿಲ್ಲ. ಬೆಳಗಿನಿಂದ ಸಂಜೆವರೆಗೆ ಗದ್ದೆಯಲ್ಲೇ ಇರುವ ಅಪ್ಪ ಸರ್ಕಾರದ ಲೆಕ್ಕದಲ್ಲಿ ರೈತನೇ ಅಲ್ಲ, ಹಾಗಾಗಿ ಮಗಳು ರೈತನ ಮಗಳಲ್ಲ.

ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲ್, ಎಲ್ಲರ ಬಾಯಲ್ಲಿ ಎಸ್‌ಎಸ್‌ಪಿ, ಬಂದ ಮೇಲೆ ಇಲಾಖೆಯಿಂದ ಇಲಾಖೆಗೆ ಅರ್ಜಿ ಹಿಡಿದು ಅಲೆಯೋದು ಕಡಿಮೆಯಾಯಿತು. ಮಧ್ಯದಲ್ಲಿ ಯಾರೂ ಕೈ ಹಾಕುವ ಹಾಗಿಲ್ಲ. ಅದು ನಿಜವಾಗಿ ಒಳ್ಳೇದೇ. ಆದರೆ ನಾಡಕಚೇರಿ ಕೊಡುವ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿದಾಗ ಬರುವ ಹೆಸರು, ಆಧಾರ್ ಹೆಸರು, ಮಾರ್ಕ್ಸ್ ಕಾರ್ಡಿನ ಹೆಸರು ಮೂರೂ ಹೊಂದಬೇಕು. ಆದಾಯ ಪ್ರಮಾಣಪತ್ರದ ಐದು ವರ್ಷ ಮುಗಿದಿರಬಾರದು. ಬ್ಯಾಂಕ್ ಅಕೌಂಟಿಗೆ ಆಧಾರ್ ಕೊಟ್ಟರಷ್ಟೇ ಸಾಲದು, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಅನ್ನೋ ಆಧಾರ್ ಜೋಡಣೆ ಆಗಿರಬೇಕು. ಇಲ್ಲದಿದ್ದರೆ ಮಂಜೂರಾದ ದುಡ್ಡೂ ಬಂದು ಸೇರಲ್ಲ. ವಾರಾನ್ನದ ಮನೆಯವರಿಗೆ ಹುಡುಗನ ಮುಖ ಗೊತ್ತಿತ್ತು, ಹಾಸ್ಟೆಲ್ ವಾರ್ಡನ್‌ಗೆ ಹೆಸರು ಗೊತ್ತಿತ್ತು. ಪೋರ್ಟಲ್‌ಗೆ ಗೊತ್ತಿರೋದು ಇನಿಷಿಯಲ್ ಮಾತ್ರ. ಅದಕ್ಕೇ ನಾನು ಹೇಳೋದು, ಪ್ರತಿ ಕಾಲೇಜಿನಲ್ಲೂ ಅಡ್ಮಿಷನ್ ಮುಗಿದ ವಾರವೇ ಒಬ್ಬರು ಕೂತು ಮಕ್ಕಳ ಈ ಪೇಪರ್‌ಗಳನ್ನು ನೋಡಬೇಕು. ಲಾಸ್ಟ್ ಡೇಟ್ ಹತ್ತಿರ ಬಂದಾಗ ಸೈಬರ್ ಸೆಂಟರ್‌ನಲ್ಲಿ ಗೊತ್ತಾದರೆ ಏನು ಪ್ರಯೋಜನ?

ಆಲೂರಿನ ಆ ಹುಡುಗಿ ಮೊನ್ನೆ ಬಸ್ಸಿನಲ್ಲಿ ಸಿಕ್ಕಿದ್ದಳು. ಆಧಾರ್ ಸರಿಯಾಗಿ, ಗಡುವಿಗೆ ಎರಡು ದಿನ ಇದೆ ಅನ್ನುವಾಗ ಅರ್ಜಿ ಹೋಯಿತಂತೆ. ಅಷ್ಟರಲ್ಲಿ ಕಾಲೇಜಿನ ಫೀಸು ಕಟ್ಟಲೇಬೇಕಿತ್ತು. ಅವರಮ್ಮ ಸಂಘದಲ್ಲಿ ಸಾಲ ತೆಗೆದು ಕಟ್ಟಿದರಂತೆ. ಸ್ಕಾಲರ್‌ಶಿಪ್ ದುಡ್ಡು ಬಂತಾ ಅಂತ ಕೇಳಿದೆ. "ಬಂತು ಸಾರ್, ಹೋದ ತಿಂಗಳು. ಸಂಘದ್ದು ಇನ್ನೂ ಆರು ವಾರದ ಕಂತು ಇದೆ" ಅಂದಳು.