ಬ್ರೆಜಿಲ್‌ನ ಶಾಂಶಾದಾ: ಹಾಲಿವುಡ್ ಅಣಕಿಸಿ ನಗಿಸಿದ ಚಿತ್ರಗಳು

ವಿಶ್ವ ಸಿನಿಮಾವನ್ನು ಪರೀಕ್ಷೆಗಾಗಿ ಓದುವವರಿಗೆ ಬ್ರೆಜಿಲ್ ಅಂದರೆ ಮೊದಲು ಸಿಗುವುದು 1960ರ ದಶಕದ ‘ಸಿನೆಮಾ ನೋವೊ’, ಅಂದರೆ ‘ಹೊಸ ಸಿನಿಮಾ’ ಚಳವಳಿ. ಅದರ ವಸ್ತು ಬರ, ಹಸಿವು, ಸಿಟ್ಟು. ಆದರೆ ಅದಕ್ಕೂ ಮುಂಚೆ ಅಲ್ಲಿನ ಜನ ಮುಗಿಬಿದ್ದು ನೋಡಿದ್ದು ಹಾಡು ಕುಣಿತದ ಹಾಸ್ಯ ಚಿತ್ರಗಳನ್ನು. ವಿಮರ್ಶಕರು ಮೂಗು ಮುರಿದು ಅವಕ್ಕೆ ‘ಶಾಂಶಾದಾ’, ಅಂದರೆ ಕಳಪೆ ಸರಕು, ಅಂದರು. ಹೆಸರು ಅಂಟಿಕೊಂಡಿತು.

ಹಿನ್ನೆಲೆ ಚಿಕ್ಕದು. 1941ರಲ್ಲಿ ರಿಯೊ ಡಿ ಜನೈರೊದಲ್ಲಿ ಅಟ್ಲಾಂಟಿಡಾ ಸ್ಟುಡಿಯೊ ಶುರುವಾಯಿತು. 1947ರಲ್ಲಿ ಅದು ಲೂಯಿಸ್ ಸೆವೆರಿಯಾನೊ ರಿಬೇರೊ ಕೈಗೆ ಬಂತು. ಅವರ ಬಳಿ ಥಿಯೇಟರುಗಳೂ ಇದ್ದವು, ಹಂಚಿಕೆಯೂ ಇತ್ತು. ತೆಗೆದ ಚಿತ್ರ ಡಬ್ಬದಲ್ಲೇ ಉಳಿಯುವ ಭಯವಿಲ್ಲ. ಕಡಿಮೆ ಖರ್ಚು, ರೇಡಿಯೊ ಗಾಯಕರ ಹಾಡು, ಕಾರ್ನಿವಲ್ ಎಂಬ ಹಾಡು ಕುಣಿತದ ಹಬ್ಬದ ಹೊತ್ತಿಗೆ ಬಿಡುಗಡೆ.

ಅಷ್ಟಕ್ಕೇ ಜನ ಬರುತ್ತಾರಾ? ಇನ್ನೊಂದು ಕಾರಣವೂ ಇದೆ, ನನಗೆ ಇದೇ ಮುಖ್ಯ ಅನಿಸುತ್ತದೆ. ಹಾಲಿವುಡ್ ಚಿತ್ರಗಳಿಗೆ ಪೋರ್ಚುಗೀಸ್ ಸಬ್‌ಟೈಟಲ್ ಇರುತ್ತಿತ್ತು. 1950ರಲ್ಲಿ ದೇಶದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಓದು ಬರುತ್ತಿರಲಿಲ್ಲ. ಪರದೆಯ ಕೆಳಗಿನ ಸಾಲು ಓದಲಾಗದವನಿಗೆ ತನ್ನ ಬೀದಿಯ ಮಾತೇ ಕೇಳಿಸಿದರೆ ಹೇಗಿರಬೇಡ! ಈಗ ನಾವು ಅದೇ ಚಿತ್ರಗಳನ್ನು ಸಬ್‌ಟೈಟಲ್ ಹಾಕಿಕೊಂಡು ನೋಡುತ್ತೇವೆ. ತಮಾಷೆ ಅಲ್ವಾ?

ಈ ಚಿತ್ರಗಳ ಹೆಸರಾಂತ ಹಾಸ್ಯನಟರ ಜೋಡಿ ಆಸ್ಕರಿಟೊ ಮತ್ತು ಗ್ರಾಂಡೆ ಒಟೆಲೊ. 1949ರ ‘ಕಾರ್ನವಾಲ್ ನೊ ಫೋಗೊ’ದಲ್ಲಿ ಇವರು ರೋಮಿಯೊ ಜೂಲಿಯೆಟ್ ಬಾಲ್ಕನಿ ದೃಶ್ಯ ಆಡುತ್ತಾರೆ. ಜೂಲಿಯೆಟ್ ಯಾರು ಗೊತ್ತಾ? ಕಪ್ಪು ನಟ ಒಟೆಲೊ, ಹೊಂಬಣ್ಣದ ಜಡೆಯ ವಿಗ್ ಹಾಕಿಕೊಂಡು! ನಗು ಬರುವುದು ವೇಷಕ್ಕೆ ಮಾತ್ರ ಅಲ್ಲ. ಆ ದೊಡ್ಡ ಪಾತ್ರ ಯಾರಿಗೆ ಸಲ್ಲಬೇಕು ಅನ್ನುವ ಪ್ರಶ್ನೆಯೂ ಅದರೊಳಗಿದೆ.

ಪರೀಕ್ಷೆಗೆ ಒಂದೇ ಚಿತ್ರ ಆರಿಸಬೇಕಾದರೆ 1952ರ ‘ಕಾರ್ನವಾಲ್ ಅಟ್ಲಾಂಟಿಡಾ’ ಹಿಡಿಯಿರಿ. ಅದರಲ್ಲೊಬ್ಬ ಸಿನಿಮಾದವನು, ಹೆಸರು ಸೆಸಿಲಿಯೊ ಬಿ. ಡಿ ಮಿಲ್ಯೊ. ಭಾರೀ ಸೆಟ್ಟಿನ ಚಿತ್ರಗಳಿಗೆ ಹೆಸರಾದ ಹಾಲಿವುಡ್ ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ಅವರ ಅಣಕ ಇದು. ಈ ಮಿಲ್ಯೊಗೆ ಗ್ರೀಕ್ ಪುರಾಣದ ಸುಂದರಿ, ಟ್ರಾಯ್‌ನ ಹೆಲೆನ್ ಬಗ್ಗೆ ಭರ್ಜರಿ ಚಿತ್ರ ತೆಗೆಯುವ ಹುಚ್ಚು. ಸ್ಟುಡಿಯೊದ ಕೆಲಸದಾಳುಗಳಿಗೆ ಬೇಕಿರುವುದು ಕಾರ್ನಿವಲ್ ಚಿತ್ರ. ಅವನು ಗ್ರೀಕ್ ಸೆಟ್ ತೋರಿಸುತ್ತಾನೆ. ಅವರ ಕಣ್ಣಲ್ಲಿ ಅದೇ ಸೆಟ್ ಹಾಡಿನ ವೇದಿಕೆಯಾಗುತ್ತದೆ. ಗಾಯಕ ಬ್ಲೆಕೌಟೆ ಗ್ರೀಕ್ ಉಡುಪಿನಲ್ಲಿ ಹಾಡುತ್ತಾನೆ, ಒಟೆಲೊ ತನ್ನ ಉದ್ದ ನಿಲುವಂಗಿ ತುಳಿದು ಎಡವುತ್ತಾನೆ. ಕೊನೆಗೆ ಗೆಲ್ಲುವುದು ಕಾರ್ನಿವಲ್.

ಇಲ್ಲಿ ನಗು ಎರಡು ಕಡೆ ಕಚ್ಚುತ್ತದೆ. ಹಾಲಿವುಡ್‌ನ ಆಡಂಬರಕ್ಕೆ ಒಂದು ಏಟು, ‘ನಮ್ಮ ಕೈಲಿ ಅದು ಆಗಲ್ಲ’ ಅನ್ನುವ ತಮ್ಮ ಬಡತನಕ್ಕೇ ಇನ್ನೊಂದು. ನಕಲು ಮಾಡಲು ಬಾರದಿರುವುದರಲ್ಲೇ ಬ್ರೆಜಿಲ್ ಸಿನಿಮಾದ ಸೃಜನಶೀಲತೆ ಇದೆ ಎಂಬರ್ಥದ ಮಾತನ್ನು ವಿಮರ್ಶಕ ಪೌಲೊ ಎಮಿಲಿಯೊ ಸಾಲೆಸ್ ಗೋಮೆಸ್ 1973ರಲ್ಲಿ ಬರೆದರು. ಶಾಂಶಾದಾಕ್ಕೆ ಅದು ಸರಿಯಾಗಿ ಹೊಂದುತ್ತದೆ. ಸುಮ್ನೆ ‘ಕಳಪೆ ನಕಲು’ ಅಂತ ಉತ್ತರ ಬರೆದು ಮುಗಿಸಬೇಡಿ.

ಗಂಭೀರ ಸಿನಿಮಾದವರು ಇದನ್ನು ಪೂರ್ತಿ ಬಿಡಲೂ ಇಲ್ಲ. ಇದೇ ಹಾಸ್ಯ ಚಿತ್ರಗಳ ನಾಯಕ ಅನ್ಸೆಲ್ಮೊ ದುವಾರ್ತೆ ಮುಂದೆ ನಿರ್ದೇಶಕನಾಗಿ 1962ರಲ್ಲಿ ಕಾನ್ ಉತ್ಸವದ ದೊಡ್ಡ ಪ್ರಶಸ್ತಿ ಗೆದ್ದರು. 1969ರಲ್ಲಿ ಸಿನೆಮಾ ನೋವೊದ ಜೋಕಿಂ ಪೆಡ್ರೊ ಡಿ ಆಂಡ್ರಾಡೆ ‘ಮಕುನೈಮಾ’ ತೆಗೆದಾಗ ಕರೆದದ್ದು ಒಟೆಲೊ ಅವರನ್ನೇ. ಮೊದಲ ದೃಶ್ಯದಲ್ಲಿ ಐವತ್ತು ದಾಟಿದ ಒಟೆಲೊ ನವಜಾತ ಶಿಶುವಾಗಿ ನೆಲಕ್ಕೆ ಬಿದ್ದು ಅಳುತ್ತಾರೆ.

ಹಳೆಯದು ಬೇಡ ಅನ್ನುವವರು 2007ರ ಹಾಸ್ಯ ಚಿತ್ರ ‘ಸಾನಿಯಾಮೆಂಟೊ ಬಾಸಿಕೊ’ದಿಂದ ಶುರು ಮಾಡಿ. ಊರಿಗೆ ಚರಂಡಿ ಬೇಕು, ಸರ್ಕಾರದ ಬಳಿ ಇರುವುದು ಸಿನಿಮಾಕ್ಕೆಂದು ಬಂದ ದುಡ್ಡು ಮಾತ್ರ. ಆ ದುಡ್ಡಿಗಾಗಿ ಊರಿನವರು ರಾಕ್ಷಸನ ಸಿನಿಮಾ ತೆಗೆಯಲು ಹೊರಡುತ್ತಾರೆ.