ಮನೆಯ ವರ್ಕ್‌ಶಾಪಿಗೆ ಹೊಸ ಕ್ಯಾಡ್ ಸಾಫ್ಟ್‌ವೇರ್ ಬೇಕೇ?

ನಿವೃತ್ತಿಯ ನಂತರ ಮನೆಯ ಹಿಂದಿನ ಶೆಡ್ಡಿನಲ್ಲಿ ಹಳೆಯ ಎಚ್‌ಎಂಟಿ ಲೇತ್ ಕೂರಿಸಿಕೊಂಡವರು, ಕೆಲಸದ ನಡುವೆ ಬಿಡುವು ಮಾಡಿಕೊಂಡು ಚಿಕ್ಕ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಿಲ್ ಕಟ್ಟಿಕೊಂಡ ಎಂಜಿನಿಯರುಗಳು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಈಗಿರುವ ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ಡಿಸೈನ್ ಬರೆಯುವ, ಸಾಫ್ಟ್‌ವೇರನ್ನು ಅಪ್‌ಗ್ರೇಡ್ ಮಾಡಬೇಕೇ ಬೇಡವೇ? ಹೊಸ ಆವೃತ್ತಿಯಲ್ಲಿ ಏನೇನು ಸೇರಿದೆ ಎಂಬ ಪಟ್ಟಿ ಹಿಡಿದು ಅವರು ಬರುತ್ತಾರೆ. ಆ ಪಟ್ಟಿಯನ್ನು ಪಕ್ಕಕ್ಕಿಟ್ಟು, ಈಚೆಗೆ ಮಾಡಿದ ಜಾಬ್‌ಗಳಲ್ಲಿ ಕೆಲಸ ಎಲ್ಲಿ ನಿಂತಿತು, ಕಂಪ್ಯೂಟರಿನ ಮುಂದೆಯೋ ಯಂತ್ರದ ಮುಂದೆಯೋ ಎಂದು ನಾನು ಮೊದಲು ವಿಚಾರಿಸುತ್ತೇನೆ. ನಿರ್ಧಾರದ ಬಹುಪಾಲು ಈ ಉತ್ತರದಲ್ಲಿಯೇ ಇರುತ್ತದೆ.

ಕೈಯಿಂದ ನಡೆಸುವ ಲೇತ್ ಮತ್ತು ಮಿಲ್ಲಿಂಗ್ ಮೆಷಿನ್ ಮಾತ್ರ ಇರುವವರ ವಿಷಯ ಬೇಗ ಇತ್ಯರ್ಥವಾಗುತ್ತದೆ. 6202 ಬೇರಿಂಗಿಗೆ ಹೌಸಿಂಗ್ ಮಾಡುವುದಿದೆ ಎಂದುಕೊಳ್ಳಿ. ಬೇರಿಂಗಿನ ಹೊರವ್ಯಾಸ 35 ಮಿ.ಮೀ. ಬೋರಿಗೆ, ಅಂದರೆ ಬೇರಿಂಗ್ ಕೂರುವ ರಂಧ್ರಕ್ಕೆ, ಎಚ್7 ಎಂಬ ಪ್ರಮಾಣಿತ ಫಿಟ್ ಕೊಟ್ಟರೆ ಅದು 35.000ರಿಂದ 35.025 ಮಿ.ಮೀ. ಒಳಗೆ ಬರಬೇಕು. ಡ್ರಾಯಿಂಗಿನಲ್ಲಿ ಇದಕ್ಕೆ ಒಂದು ವೃತ್ತ, ಒಂದು ಅಳತೆ, ಒಂದು ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಸಾಕು. ಲಿಬ್ರೆಕ್ಯಾಡ್‌ನಂತಹ ಉಚಿತ ಟೂಡಿ ಸಾಫ್ಟ್‌ವೇರಿನಲ್ಲಿಯೂ, ಹತ್ತು ವರ್ಷ ಹಿಂದಿನ ಆಟೋಕ್ಯಾಡ್‌ನಲ್ಲಿಯೂ ಅದನ್ನು ಒಂದೇ ರೀತಿ ಬರೆಯಬಹುದು. ಆ 25 ಮೈಕ್ರಾನಿನ ಅಂತರವನ್ನು ಹಿಡಿಯುವುದು ಬೋರ್ ಗೇಜ್, ಬೋರಿಂಗ್ ಬಾರಿನ ಬಿಗಿ, ಟೂಲಿನ ಮೊನೆ ಮತ್ತು ಕೊನೆಯ ಕಟಿಂಗಿನಲ್ಲಿ ನೀವು ತೋರುವ ತಾಳ್ಮೆ. ಇಂಥವರು ಸಾಫ್ಟ್‌ವೇರಿಗೆಂದು ಎತ್ತಿಟ್ಟ ಹಣದಲ್ಲಿ ಒಳ್ಳೆಯ ಮೈಕ್ರೋಮೀಟರ್ ಕೊಳ್ಳುವುದೇ ಸರಿ ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಸಿಎನ್‌ಸಿ ಇರುವಲ್ಲಿ ಮಾತು ಬೇರೆ, ಏಕೆಂದರೆ ಅಲ್ಲಿ ಸಾಫ್ಟ್‌ವೇರಿನ ಮಿತಿ ನೇರವಾಗಿ ಯಂತ್ರದ ಸಮಯಕ್ಕೆ ತಟ್ಟುತ್ತದೆ. ಹವ್ಯಾಸಿಗಳಲ್ಲಿ ಬಹಳ ಮಂದಿ ಬಳಸುವ ಆಟೋಡೆಸ್ಕ್ ಫ್ಯೂಷನ್ನಿನ ವೈಯಕ್ತಿಕ ಬಳಕೆಯ ಉಚಿತ ಲೈಸೆನ್ಸಿಗೆ 2020ರಲ್ಲಿ ಹಲವು ಕಡಿವಾಣ ಬಿದ್ದವು. ತಿದ್ದಲು ಬರುವ ಸಕ್ರಿಯ ಫೈಲುಗಳು ಹತ್ತಕ್ಕೆ ಸೀಮಿತವಾದವು, ಪ್ರೋಗ್ರಾಮಿನ ನಡುವೆ ಟೂಲ್ ತಾನಾಗಿ ಬದಲಾಗುವ ಸೌಲಭ್ಯ ಹೋಯಿತು, ಮತ್ತು ರ‍್ಯಾಪಿಡ್ ಚಲನೆಗಳು, ಅಂದರೆ ಟೂಲ್ ಕತ್ತರಿಸದೆ ಬೇಗ ಸರಿಯುವ ಚಲನೆಗಳು, ಲೋಹ ಕತ್ತರಿಸುವಾಗಿನ ಫೀಡಿನ ವೇಗಕ್ಕೆ ಇಳಿದವು. ಕೊನೆಯದನ್ನು ಲೆಕ್ಕ ಹಾಕಿ ನೋಡಬೇಕು. ಅಲ್ಯೂಮಿನಿಯಂ ಜಾಬ್ ಒಂದರಲ್ಲಿ ಟೂಲ್ ಲೋಹವನ್ನು ಮುಟ್ಟದೆ ಗಾಳಿಯಲ್ಲಿ ಓಡಾಡುವ ಒಟ್ಟು ದೂರ 6 ಮೀಟರ್ ಎನ್ನೋಣ. ಯಂತ್ರದ ರ‍್ಯಾಪಿಡ್ ನಿಮಿಷಕ್ಕೆ 2,500 ಮಿ.ಮೀ. ಆದರೆ ಆ ಓಡಾಟಕ್ಕೆ ಎರಡೂವರೆ ನಿಮಿಷವೂ ಬೇಡ. ಅದೇ ದೂರವನ್ನು ನಿಮಿಷಕ್ಕೆ 400 ಮಿ.ಮೀ. ಫೀಡಿನಲ್ಲಿ ಕ್ರಮಿಸಿದರೆ 15 ನಿಮಿಷ. ವರ್ಷಕ್ಕೊಂದು ಮಾಡೆಲ್ ಎಂಜಿನ್ ಕಟ್ಟುವವರಿಗೆ ಈ ಹನ್ನೆರಡೂವರೆ ನಿಮಿಷ ಒಂದು ವಿಷಯವೇ ಅಲ್ಲ. ಆದರೆ ಅದೇ ಬ್ರಾಕೆಟನ್ನು ಸ್ನೇಹಿತರ ಬಳಗಕ್ಕೆಲ್ಲ ಸೇರಿಸಿ ಇಪ್ಪತ್ತು ಮಾಡಲು ಹೊರಟರೆ ನಾಲ್ಕು ಗಂಟೆಗೂ ಹೆಚ್ಚು ಟೂಲ್ ತಿರುಗಿಸುವ ಸ್ಪಿಂಡಲ್ ಸುಮ್ಮನೆ ತಿರುಗುತ್ತದೆ. ಹಣ ಕೊಟ್ಟು ಮೇಲಿನ ಲೈಸೆನ್ಸಿಗೆ ಹೋಗುವುದು ಸಾರ್ಥಕವೇ ಎಂಬುದನ್ನು ಇಂತಹ ಲೆಕ್ಕದಿಂದ ತೀರ್ಮಾನಿಸಬೇಕು; ಹಾಗೆ ಲೆಕ್ಕ ಹಾಕಿದ ಅನೇಕರು ತಮ್ಮ ಕೆಲಸಕ್ಕೆ ಅದರ ಅಗತ್ಯವಿಲ್ಲವೆಂದು ತಾವೇ ಕಂಡುಕೊಂಡಿದ್ದಾರೆ.

ಇದಕ್ಕೆ ತದ್ವಿರುದ್ಧವಾಗಿ, ನಾನು ಮುಂದೆ ನಿಂತು ಮಾಡಿಸುವ ಅಪ್‌ಗ್ರೇಡ್ ಒಂದಿದೆ. ಫ್ರೀಕ್ಯಾಡ್‌ನ ಹಳೆಯ ಆವೃತ್ತಿಗಳಲ್ಲಿ ಕೆಲಸ ಮಾಡಿದವರಿಗೆ ಈ ಕಾಟ ಚೆನ್ನಾಗಿ ಗೊತ್ತು: ಒಂದು ಬ್ಲಾಕ್ ಮಾಡಿ, ಅದರ ಅಂಚನ್ನು ದುಂಡಾಗಿಸುವ ಫಿಲೆಟ್ ಕೊಟ್ಟು, ಆಮೇಲೆ ಮೂಲ ಸ್ಕೆಚ್ಚಿಗೆ ಹಿಂದಿರುಗಿ ಒಂದು ಸ್ಲಾಟ್ ಸೇರಿಸಿದರೆ ಫಿಲೆಟ್ ಬೇರೊಂದು ಅಂಚಿಗೆ ಹಾರಿರುತ್ತಿತ್ತು, ಇಲ್ಲವೇ ಮಾಡೆಲ್ ಪೂರ್ತಿ ಮುರಿದು ಬೀಳುತ್ತಿತ್ತು. ಕಾರಣ ಇಷ್ಟೇ. ಸಾಫ್ಟ್‌ವೇರ್ ಪ್ರತಿ ಅಂಚಿಗೂ ಪ್ರತಿ ಮುಖಕ್ಕೂ ಒಂದು ಸಂಖ್ಯೆ ಕೊಡುತ್ತದೆ. ಹೊಸ ಸ್ಲಾಟ್ ಬಂದಾಗ ಹೊಸ ಅಂಚುಗಳು ಹುಟ್ಟಿ ಎಣಿಕೆ ಬದಲಾಗುತ್ತದೆ. 12ನೆಯ ಅಂಚಿಗೆ ಕಟ್ಟಿದ್ದ ಫಿಲೆಟ್, ಈಗ 12 ಎಂಬ ಹೆಸರು ಹೊತ್ತ ಇನ್ನಾವುದೋ ಅಂಚನ್ನು ಹಿಡಿದುಕೊಳ್ಳುತ್ತದೆ. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿ ಈ ದೋಷವನ್ನು ಬಹುಮಟ್ಟಿಗೆ ತಗ್ಗಿಸಿತು, ಜೊತೆಗೆ ಅಸೆಂಬ್ಲಿಗೆ, ಅಂದರೆ ಬಿಡಿಭಾಗಗಳನ್ನು ಪರದೆಯ ಮೇಲೆ ಜೋಡಿಸಲು, ತನ್ನದೇ ಸಲಕರಣೆಗಳ ವರ್ಕ್‌ಬೆಂಚನ್ನೂ ಸೇರಿಸಿತು. ಹವ್ಯಾಸಿಯ ಕೆಲಸವೆಂದರೆ ಮುಖ್ಯವಾಗಿ ಮಾಡಿದ್ದನ್ನು ತಿದ್ದುತ್ತ ಹೋಗುವುದು. ಮೂಲ ಅಳತೆಯನ್ನು ಧೈರ್ಯವಾಗಿ ಬದಲಿಸಲು ಬಿಡುವ ಸುಧಾರಣೆಗೆ ಬೆಲೆಯಿದೆ. ಇಲ್ಲಿ ಅದು ಉಚಿತವಾಗಿಯೂ ಸಿಗುತ್ತಿದೆ. ಆದರೆ ಹಿಂದೆ ಬೇರೆ ಆಡ್ಆನ್ ಬಳಸಿ ಜೋಡಿಸಿದ ಅಸೆಂಬ್ಲಿಗಳು ಹೊಸ ವರ್ಕ್‌ಬೆಂಚಿಗೆ ತಾವಾಗಿ ಬರುವುದಿಲ್ಲ. ಅವನ್ನು ಮತ್ತೆ ಜೋಡಿಸುವ ಶ್ರಮವನ್ನೂ ಲೆಕ್ಕದಲ್ಲಿ ಹಿಡಿಯಬೇಕು.

ಲೈಸೆನ್ಸಿನ ನಿಬಂಧನೆಗಳನ್ನು ಓದದೆ ಮುಂದುವರಿಯುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಹಲವು ವೈಯಕ್ತಿಕ ಲೈಸೆನ್ಸುಗಳಿಗೆ ಆದಾಯದ ಮಿತಿ ಇರುತ್ತದೆ. ಫ್ಯೂಷನ್ನಿನಲ್ಲಿ ಅದು ವರ್ಷಕ್ಕೆ 1,000 ಡಾಲರ್. ಮೊದಮೊದಲು ಪರಿಚಯದವರಿಗೆ ಮಾಡಿಕೊಟ್ಟ ಬಿಡಿಭಾಗಗಳು ನಿಧಾನವಾಗಿ ಸಣ್ಣ ವ್ಯಾಪಾರವಾಗುವ ಸಾಧ್ಯತೆ ಇದ್ದರೆ ಈ ಗೆರೆಯನ್ನು ಮೊದಲೇ ನೋಡಿಟ್ಟುಕೊಳ್ಳಬೇಕು. ಚಂದಾ ಪದ್ಧತಿಯೂ ಹಾಗೆಯೇ. ಆಟೋಡೆಸ್ಕ್ 2016ರಲ್ಲಿ ಶಾಶ್ವತ ಲೈಸೆನ್ಸುಗಳ ಮಾರಾಟ ನಿಲ್ಲಿಸಿತು. ಚಂದಾ ಸಾಫ್ಟ್‌ವೇರಿಗೆ ಹೋಗುವವರು ಮೊದಲ ವರ್ಷದ ದರವನ್ನಷ್ಟೇ ನೋಡದೆ, ಮೂರು ವರ್ಷಕ್ಕೆ ಎಷ್ಟಾಗುತ್ತದೆ ಮತ್ತು ಕಟ್ಟುವುದನ್ನು ನಿಲ್ಲಿಸಿದ ದಿನ ತಮ್ಮ ಫೈಲುಗಳು ಏನಾಗುತ್ತವೆ ಎಂಬುದನ್ನು ಕೇಳಿಕೊಳ್ಳಬೇಕು. ಕ್ರ್ಯಾಕ್ ಮಾಡಿದ ಪ್ರತಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಅದು ತಪ್ಪು, ಮೇಲಾಗಿ ಅದರೊಂದಿಗೆ ಬರುವ ವೈರಸ್ ನಿಮ್ಮ ವರ್ಷಗಳ ಡ್ರಾಯಿಂಗುಗಳ ಮೇಲೆಯೇ ಬೀಳಬಹುದು. ಯೋಗ್ಯವಾದ ಉಚಿತ ಸಾಫ್ಟ್‌ವೇರ್ ಇರುವಾಗ ಅದಕ್ಕೆ ಕೈಹಾಕುವ ಅನಿವಾರ್ಯವೂ ಇಲ್ಲ.

ಫೈಲುಗಳ ಮಾತು ಬಂದಿದ್ದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಕ್ಯಾಡ್ ಲೋಕದಲ್ಲಿ ಹೊಸ ಆವೃತ್ತಿಯಲ್ಲಿ ಸೇವ್ ಮಾಡಿದ್ದು ಹಳೆಯದರಲ್ಲಿ ತೆರೆಯುತ್ತದೆಂಬ ಭರವಸೆ ಇಲ್ಲ. ಸ್ಟೆಪ್ ಎಂಬ ರೂಪದ ಫೈಲ್ ಬಹುತೇಕ ತ್ರೀಡಿ ಸಾಫ್ಟ್‌ವೇರುಗಳ ನಡುವೆ ಓಡಾಡುತ್ತದೆ, ನಿಜ. ಆದರೆ ಅದು ಹೊತ್ತೊಯ್ಯುವುದು ಮುಖ್ಯವಾಗಿ ಆಕಾರವನ್ನು. ಯಾವ ಸ್ಕೆಚ್ಚಿನಿಂದ ಯಾವ ಪಾಕೆಟ್ ಹುಟ್ಟಿತು, ಯಾವ ಅಳತೆ ಯಾವುದಕ್ಕೆ ಕಟ್ಟಿದೆ ಎಂಬ ಇತಿಹಾಸ ಅದರಲ್ಲಿ ಉಳಿಯುವುದಿಲ್ಲ. ಹೀಗಾಗಿ ಅಪ್‌ಗ್ರೇಡಿಗೆ ಮುನ್ನ ಪ್ರತಿ ಮುಖ್ಯ ಭಾಗವನ್ನೂ ಮೂಲ ರೂಪದಲ್ಲಿ, ಸ್ಟೆಪ್ ರೂಪದಲ್ಲಿ ಮತ್ತು ಅಳತೆಗಳಿರುವ ಪಿಡಿಎಫ್ ಡ್ರಾಯಿಂಗಾಗಿ ಬೇರೊಂದು ಡಿಸ್ಕಿನಲ್ಲಿ ಇಡಬೇಕು. ಬೇರೆಲ್ಲ ಕೈಕೊಟ್ಟರೂ ಆ ಪಿಡಿಎಫ್ ಇದ್ದರೆ ಭಾಗವನ್ನು ಮತ್ತೆ ಬರೆಯಬಹುದು.

ಕಂಪ್ಯೂಟರ್ ಹಳೆಯದಾಗಿದ್ದರೆ ಸಾಫ್ಟ್‌ವೇರಿನ ಖರ್ಚು ಯಂತ್ರಾಂಶಕ್ಕೂ ಹರಡುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಎಲ್ಲ ಹಳೆಯ ಪ್ರೊಸೆಸರುಗಳನ್ನೂ ಒಪ್ಪುವುದಿಲ್ಲ. ಇಲ್ಲಿ ಒಂದು ಅಪಾಯವಿದೆ. ಹಳೆಯ ಕಂಪ್ಯೂಟರುಗಳ ಪ್ಯಾರಲಲ್ ಪೋರ್ಟಿನ ಮೂಲಕ ಮ್ಯಾಕ್3 ಎಂಬ ನಿಯಂತ್ರಣ ಸಾಫ್ಟ್‌ವೇರ್ ನಡೆಸುವ ಯಂತ್ರಗಳು ಇಂದಿಗೂ ಬಹಳ ಇವೆ, ಮತ್ತು ಆ ಪೋರ್ಟಿನ ಡ್ರೈವರ್ 32 ಬಿಟ್ ವಿಂಡೋಸಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ವಿಂಡೋಸ್ 11 ಬರುವುದೇ 64 ಬಿಟ್ ರೂಪದಲ್ಲಿ. ಡಿಸೈನಿಗೂ ಯಂತ್ರಕ್ಕೂ ಒಂದೇ ಕಂಪ್ಯೂಟರ್ ಬಳಸುವವರು ಕ್ಯಾಡ್ ಹೊಸತಾಗಲಿ ಎಂದು ವಿಂಡೋಸ್ ಬದಲಿಸಿದರೆ ಮಿಲ್ ನಿಂತುಹೋಗುತ್ತದೆ. ಯಂತ್ರದ ಕಂಪ್ಯೂಟರನ್ನು ಇಂಟರ್ನೆಟ್ಟಿನಿಂದ ಬಿಡಿಸಿ ಇದ್ದ ಹಾಗೆಯೇ ಬಿಡಬೇಕು. ಡಿಸೈನಿಗೆ ಬೇರೆ ಕಂಪ್ಯೂಟರ್ ಇಟ್ಟು, ಯಂತ್ರಕ್ಕೆ ಚಲನೆಗಳನ್ನು ಹೇಳುವ ಜಿ ಕೋಡನ್ನು ಪೆನ್ ಡ್ರೈವಿನಲ್ಲಿ ಒಯ್ಯಬೇಕು.

ಇಷ್ಟೆಲ್ಲ ನೋಡಿದ ಮೇಲೆಯೂ ಹೊಸ ಸಾಫ್ಟ್‌ವೇರ್ ಬೇಕೆನಿಸಿದರೆ, ಟ್ರಯಲ್ ಅವಧಿಯಲ್ಲಿ ಅದರ ಜೊತೆಗೆ ಬರುವ ಮಾದರಿ ಫೈಲುಗಳೊಂದಿಗೆ ಕಾಲ ಕಳೆಯಬೇಡಿ. ನೀವೇ ಹಿಂದೆ ಮಾಡಿ ಮುಗಿಸಿ, ಈಗ ಕೈಯಲ್ಲಿ ಹಿಡಿದು ಅಳೆಯಬಹುದಾದ ಒಂದು ಭಾಗವನ್ನು ಅದರಲ್ಲಿ ಮೊದಲಿನಿಂದ ಬರೆಯಿರಿ. ಮಧ್ಯದ ಒಂದು ಅಳತೆ ಬದಲಿಸಿ ಉಳಿದದ್ದು ಸರಿಯಾಗಿ ಹಿಂಬಾಲಿಸುತ್ತದೆಯೇ ನೋಡಿ. ಡ್ರಾಯಿಂಗ್ ತೆಗೆಯಿರಿ. ನಿಮ್ಮ ಕಂಟ್ರೋಲರಿಗೆ ಹೊಂದುವಂತೆ ಜಿ ಕೋಡ್ ಬರೆದುಕೊಡುವ ಪೋಸ್ಟ್ ಪ್ರೊಸೆಸರ್ ಇದೆಯೇ ಎಂದು ಖಚಿತಪಡಿಸಿಕೊಂಡು ಜಿ ಕೋಡ್ ತೆಗೆದು, ಹಳೆಯ ಪ್ರೋಗ್ರಾಮಿನ ಪಕ್ಕದಲ್ಲಿಟ್ಟು ಮೊದಲ ಇಪ್ಪತ್ತು ಸಾಲನ್ನು ಹೋಲಿಸಿ: ಯೂನಿಟ್ ಮಿಲಿಮೀಟರಿನಲ್ಲಿದೆಯೇ, ವರ್ಕ್ ಆಫ್‌ಸೆಟ್ (ಜಾಬ್‌ನ ಶೂನ್ಯಬಿಂದು) ಅದೇ ಇದೆಯೇ, ಸ್ಪಿಂಡಲ್ ಶುರುವಾಗುವ ಮೊದಲೇ ಟೂಲ್ ಕೆಳಗಿಳಿಯುತ್ತಿದೆಯೇ ಎಂದು ನೋಡಿ. ಆಮೇಲೆ ಝಡ್ ಅಕ್ಷವನ್ನು 50 ಮಿ.ಮೀ. ಮೇಲಕ್ಕೆ ಶೂನ್ಯ ಮಾಡಿಕೊಂಡು, ಒಂದು ಕೈ ಎಮರ್ಜೆನ್ಸಿ ಸ್ಟಾಪಿನ ಮೇಲಿಟ್ಟು ಗಾಳಿಯಲ್ಲಿ ಓಡಿಸಿ. ಅರ್ಧಕ್ಕೆ ನಿಂತ ಜಾಬ್ ಬೆಂಚಿನ ಮೇಲಿರುವಾಗ ಮಾತ್ರ ಈ ಬದಲಾವಣೆಗೆ ಇಳಿಯಬಾರದು. ಆ ಜಾಬ್ ಹಳೆಯದರಲ್ಲಿಯೇ ಮುಗಿಯಲಿ, ಹೊಸತರಲ್ಲಿ ಎರಡು ಮೂರು ಭಾಗ ಅಳತೆಗೆ ಸರಿಯಾಗಿ ಬರುವ ತನಕ ಹಳೆಯ ಆವೃತ್ತಿ ಕಂಪ್ಯೂಟರಿನಲ್ಲಿ ಇರಲಿ.